ಅತ್ತೆಯ ಎಡಗಣ್ಣು

ನಮ್ಮತ್ತೆಯ ಎಡಗಣ್ಣು ಗಾಜಿನದು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಜಗಳವಾದಾಗಲೆಲ್ಲ ನಾನು ದಿಟ್ಟಿಸುತ್ತಿದ್ದದ್ದು ಅದನ್ನೇ. ಬಲಗಣ್ಣು ಕೆಂಡ ಕಾರುತ್ತಿದ್ದರೂ ಎಡಗಣ್ಣು ತನಗೇನೂ ಸಂಬಂಧವಿಲ್ಲವೆಂಬಂತೆ ತಣ್ಣಗಿರುತ್ತಿತ್ತು. ಆ ಮನೆಯಲ್ಲಿ ನನ್ನ ಪರ ಇದ್ದದ್ದು ಅದೊಂದೇ ಎಂದು ಗಂಡನಿಗೆ ಹೇಳಿ ಬೈಸಿಕೊಂಡದ್ದೂ ಇದೆ.

ಹೋದ ತಿಂಗಳು ಆ ಕಣ್ಣು ತೊಳೆಯುವಾಗ ಅತ್ತೆಯ ಕೈಜಾರಿ ಸಿಂಕಿಗೆ ಬಿದ್ದು ಚೂರಾಯಿತು. ಪ್ಲಾಸ್ಟಿಕ್ಕಿನದು ಹಾಕಿಸಿದರೆ ರೆಪ್ಪೆ ಊದಿಕೊಂಡಿತೆಂದು ಕಿತ್ತು ಬಿಸಾಡಿದರು. ಅವರಿಗೆ ವರ್ಷಾನುಗಟ್ಟಲೆಯಿಂದ ಗಾಜಿನ ಕಣ್ಣು ಮಾಡಿಕೊಡುತ್ತಿದ್ದ ಮೇಷ್ಟ್ರ ಕೈ ಈಗ ನಡುಗುತ್ತದೆ. ಕಣ್ಣು ಮಾಡುವುದನ್ನು ಬಿಟ್ಟು, ಗಾಜಿನ ಕೆಲಸ ಬಲ್ಲವರಿಗೆ ಅದನ್ನು ಕಲಿಸುವ ಕಮ್ಮಟ ಇಟ್ಟುಕೊಂಡಿದ್ದಾರೆ. ನಾನು ಕಾಲೇಜಿನ ಲ್ಯಾಬುಗಳಿಗೆ ಗಾಜಿನ ಕೊಳವೆ ಬಾಗಿಸಿ, ಫ್ಲಾಸ್ಕಿನ ಬುರುಡೆ ಊದಿ ಕೊಡುವವಳು. ಹಾಗಾಗಿ ಈ ಕೆಲಸ ಬಂದು ನನ್ನ ತಲೆಯ ಮೇಲೆಯೇ ಕೂತಿತು.

"ಕಣ್ಣಿನ ಗುಳಿ ಖಾಲಿ ಬಿಟ್ಟಷ್ಟೂ ಕುಗ್ಗುತ್ತೆ ಕಣಮ್ಮ," ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. "ಕಮ್ಮಟ ಮುಗಿಯೋದ್ರೊಳಗೆ ಕೂರಿಸಿದ್ರೆ ಸರಿ. ಆಮೇಲೆ ಯಾವ ಕಣ್ಣೂ ಕೂರಲ್ಲ."

ಮನೆಯಲ್ಲಿ ಅತ್ತೆ ಯಾರಾದರೂ ಬಾಗಿಲು ತಟ್ಟಿದರೆ ಒಳಗೆ ಓಡಿ ಬಚ್ಚಿಟ್ಟುಕೊಳ್ಳುತ್ತಿದ್ದರು. ಬೀದಿಗೇ ಕೇಳುವಂತೆ ಗದರುತ್ತಿದ್ದ ಹೆಂಗಸು ಹೀಗೆ ಪಟ್ಟಿ ಕಟ್ಟಿಕೊಂಡು ಮೂಲೆ ಸೇರಿದ್ದು ನೋಡಿದರೆ ನನಗೆ ಪಾಪ ಎನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಸಲಿಗೆ ನಮ್ಮಲ್ಲಿರಲಿಲ್ಲ.

ಕಮ್ಮಟವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಮೇಜಿಗೊಂದು ಬರ್ನರ್, ಗೋಡೆಯುದ್ದಕ್ಕೂ ಬಣ್ಣದ ಗಾಜಿನ ಕಡ್ಡಿಗಳ ಖಾನೆಗಳು. ಪಕ್ಕದ ಮೇಜಿನಲ್ಲಿ ಅಂಗಡಿಗಳಿಗೆ ನಿಯಾನ್ ಬೋರ್ಡು ಮಾಡುವವನೊಬ್ಬ ಕಲಿಯುತ್ತಿದ್ದ. ಬಿಳಿ ಕೊಳವೆಯ ತುದಿಯನ್ನು ಉಂಡೆಯಾಗಿ ಊದುವುದು, ಅದರ ನೆತ್ತಿಗೆ ಕಂದು ಬಣ್ಣ ಕರಗಿಸಿ ಹಚ್ಚುವುದು, ನಡುವೆ ಕಪ್ಪು ಚುಕ್ಕೆಯಾಗಿ ಪಾಪೆ ಇಡುವುದು, ಮೇಲೆ ತಿಳಿಗಾಜು ಹೊದಿಸುವುದು, ಕೂದಲಿನಷ್ಟು ತೆಳುವಾದ ಕೆಂಪು ನರ ಎಳೆಯುವುದು, ಇಷ್ಟನ್ನೂ ನಾವಿಬ್ಬರೂ ಬೇಗ ಹಿಡಿದೆವು. ನಮಗೆ ನೀರು ಕುಡಿಸಿದ್ದು ಕೊನೆಯ ಹಂತ.

"ಊದೋದು ಎಲ್ರಿಗೂ ಬರುತ್ತೆ," ಎನ್ನುತ್ತಿದ್ದರು ಮೇಷ್ಟ್ರು. "ಇಲ್ಲಿ ಎಳ್ಕೋಬೇಕು."

ಉಂಡೆಯ ಬೆನ್ನನ್ನು ಉರಿಯಲ್ಲಿ ಮೆತ್ತಗೆ ಮಾಡಿ, ಕೊಳವೆಯಿಂದ ಗಾಳಿಯನ್ನು ಬಾಯಿಗೆ ಎಳೆದುಕೊಂಡರೆ ಬೆನ್ನು ಒಳಕ್ಕೆ ಕುಸಿದು ಬಟ್ಟಲಾಗುತ್ತದೆ. ಆಗಲೇ ಅದು ಗುಳಿಯಲ್ಲಿ ಕೂರುವುದು. ಕಡಿಮೆ ಎಳೆದರೆ ದಪ್ಪ. ಹೆಚ್ಚು ಎಳೆದರೆ ಬೆನ್ನು ಮುಂಭಾಗಕ್ಕೆ ಅಂಟಿ ಇಡೀ ಕಣ್ಣು ಹಾಳು. ಬಿಸಿ ಕಾಫಿಯನ್ನು ಮೊದಲ ಗುಟುಕು ಹೀರುವಷ್ಟೇ ಉಸಿರು ಸಾಕು. ನಾನು ಒಂದು ಬುಟ್ಟಿ ಕಣ್ಣು ಹಾಳು ಮಾಡಿದೆ.

"ಅಕ್ಕಾ, ನೀವು ಸಿಟ್ಟಲ್ಲಿ ಎಳೀತೀರ," ಎಂದ ಬೋರ್ಡಿನವನು. ಸಿಟ್ಟೇ ಬಂತು.

ಕೊನೆಯ ದಿನ ಅತ್ತೆ ನನ್ನ ಜೊತೆ ಬಂದರು. ಪಟ್ಟಿ ಕಟ್ಟಿದ ಮುಖವನ್ನು ಗೋಡೆಗೆ ತಿರುಗಿಸಿ ಕೂತರು. ಬೆಳಕಿಗೆ ಬಂದು ಕೂರಿ ಎಂದರೆ, "ನನ್ನ ಕಣ್ಣು ನಿಂಗೆ ಗೊತ್ತಿಲ್ವಾ? ದಿನಾ ನುಂಗೋ ಹಾಗೆ ನೋಡ್ತೀಯಲ್ಲ," ಎಂದರು. ನನಗೂ ಹಟ ಬಂತು. ನೋಡದೆಯೇ ಮಾಡಿದೆ. ಆ ದಿನದ ಮೊದಲ ಕಣ್ಣು, ಎಳೆದ ಉಸಿರು ಕೂಡ ಹದವಾಗಿ ಬಂತು. ನಾನು ಉಬ್ಬಿಹೋದೆ.

ಮೇಷ್ಟ್ರು ಅದನ್ನು ಅತ್ತೆಯ ಕೆನ್ನೆಯ ಪಕ್ಕದಲ್ಲಿ ಹಿಡಿದು ನೋಡಿದರು. "ಇದು ಹಿಂದೆ ನಾನು ಮಾಡಿಕೊಟ್ಟಿದ್ದ ಕಣ್ಣಿನ ನಕಲು," ಎಂದರು. "ಇವರ ಕಣ್ಣೆಲ್ಲಿ?"

ಅಷ್ಟು ವರ್ಷ ನಾನು ಬಾಯಿಪಾಠ ಮಾಡಿದ್ದದ್ದು ಗಾಜನ್ನು. ಬಲಗಣ್ಣಿನ ಬಣ್ಣ ಹೇಗಿದೆಯೆಂದು ಕೇಳಿದ್ದರೆ ನಾನು ಬ್ಬೆಬ್ಬೆಬ್ಬೆ ಎನ್ನುತ್ತಿದ್ದೆ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಮೇಷ್ಟ್ರು ಕಿಟಕಿಯ ಹತ್ತಿರ ಎರಡು ಸ್ಟೂಲ್ ಹಾಕಿಸಿ, ನಮ್ಮಿಬ್ಬರನ್ನೂ ಮಂಡಿಗೆ ಮಂಡಿ ತಾಗುವಂತೆ ಕೂರಿಸಿದರು. "ನೋಡು. ಕಾಣೋದನ್ನ ಮಾಡು," ಎಂದರು.

ನೋಡಿದೆ. ಬಲಗಣ್ಣಿನ ಕಂದು ಬಣ್ಣ ಮಾಸಿತ್ತು. ಅಂಚಿನಲ್ಲಿ ವಯಸ್ಸಿನ ಬಿಳಿಚು ಗೆರೆ, ಬಿಳಿಯಲ್ಲಿ ತುಸು ಹಳದಿ. ಇನ್ನೂ ಹತ್ತಿರ ಬಾಗಿದೆ. ಪಾಪೆ ಕಪ್ಪಗಿರಲಿಲ್ಲ. ಒಲೆಯ ಬೂದಿಯ ಬಣ್ಣಕ್ಕಿತ್ತು.

ಅತ್ತೆ ಲೋಟದ ಪಕ್ಕಕ್ಕೆ ನೀರು ಸುರಿದದ್ದು, ಎದುರು ಸಿಕ್ಕ ನೆರೆಯವರನ್ನು ಮಾತಾಡಿಸದೆ ಹೋದದ್ದು, ಸಿಂಕಿನಲ್ಲಿ ಕಣ್ಣು ಒಡೆದದ್ದು, ಎಲ್ಲ ಒಟ್ಟಿಗೆ ತಲೆಗೆ ಬಂತು. ನಾನು ಅದನ್ನೆಲ್ಲ ಧಿಮಾಕು, ಉಡಾಫೆ ಎಂದುಕೊಂಡಿದ್ದೆ.

"ಅತ್ತೆ, ನಾನು ಕಾಣ್ತಿದೀನಾ?"

"ನಿನ್ನ ಬಾಯಿ ಕೇಳಿಸ್ತಿದೆಯಲ್ಲ. ಸಾಲ್ದಾ?"

"ಎಷ್ಟು ಕಾಣುತ್ತೆ ಹೇಳಿ."

"ಬೆಳಕು ಕಾಣುತ್ತೆ. ಯಾರೋ ಇದಾರೆ ಅಂತ ಕಾಣುತ್ತೆ. ಪೊರೆ ಅಂತೆ. ಈ ಎಡಗಣ್ಣಿಗೂ ಸಣ್ಣ ಆಪರೇಷನ್ ಅಂತಾನೇ ಅಂದಿದ್ರು. ಮಲಗಿದಾಗ ಎರಡು ಕಣ್ಣು, ಎದ್ದಾಗ ಒಂದು. ಉಳಿದಿರೋ ಇದನ್ನ ನಾನು ಯಾರ ಕೈಗೂ ಕೊಡಲ್ಲ. ನನ್ನ ಮಗನ ಹತ್ರ ಬಾಯಿ ಬಿಟ್ಟೆ ಅಂದ್ರೆ ನೋಡು."

ಮೇಷ್ಟ್ರ ಕಡೆ ನೋಡಿದೆ. ಅವರು ತಲೆ ತಗ್ಗಿಸಿದರು. ಅವರಿಗೆ ಗೊತ್ತಿತ್ತು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಈ ಹೆಂಗಸು ಹೆದರಿ ಹೆದರಿಯೇ ಕುರುಡಾಗುತ್ತಾಳೆ, ಯಾರಿಗೂ ಹೇಳದೆ.

"ಬೆಳಕು ಹೋಗ್ತಿದೆ," ಎಂದರು ಮೇಷ್ಟ್ರು. "ಮಾಡೋದಿದ್ರೆ ಈಗಲೇ ಮಾಡು."

ಬರ್ನರ್ ಹಚ್ಚಿದೆ. ಉಂಡೆ ಊದಿದೆ. ಒಂದು ಕಣ್ಣು ಅತ್ತೆಯ ಮುಖದ ಮೇಲೆ, ಇನ್ನೊಂದು ಉರಿಯ ಮೇಲೆ ಇಟ್ಟು ಮಾಸಿದ ಕಂದನ್ನು ಪದರ ಪದರವಾಗಿ ಹಚ್ಚಿದೆ. ಹೊಂದಿತು. ಇನ್ನು ಪಾಪೆ. ಮೇಜಿನ ಮೇಲೆ ಕಪ್ಪು ಕಡ್ಡಿಯೂ ಇತ್ತು, ಬೂದಿ ಬಣ್ಣದ್ದೂ ಇತ್ತು. ಉಂಡೆಯನ್ನು ತಿರುಗಿಸುತ್ತಲೇ ಕೇಳಿದೆ.

"ಅತ್ತೆ, ಪಾಪೆ ಕಪ್ಪು ಹಾಕ್ಲೋ, ಬೂದಿ ಹಾಕ್ಲೋ?"

"ಕಾಣೋದನ್ನ ಮಾಡು ಅಂದ್ರಲ್ಲ ಮೇಷ್ಟ್ರು."

"ಕಾಣೋದು ಬೂದಿ. ಬೂದಿ ಹಾಕಿದ್ರೆ ಇವತ್ತೇ ಹೊಂದುತ್ತೆ, ನೀವು ಹಾಯಾಗಿ ಮನೆಗೆ ಹೋಗಬಹುದು. ಕಪ್ಪು ಹಾಕಿದ್ರೆ ನೀವು ಪೊರೆ ತೆಗೆಸಿ ಬಲಗಣ್ಣಿನ ಪಾಪೆನೂ ಕಪ್ಪಗಾಗೋವರೆಗೂ ಹೊಂದಲ್ಲ."

ಬೋರ್ಡಿನವನು ತನ್ನ ಬರ್ನರ್ ಆರಿಸಿಬಿಟ್ಟ. ಮೇಷ್ಟ್ರು ನನ್ನನ್ನು ತಡೆಯುತ್ತಾರೆಂದು ಕಾದೆ. ತಡೆಯಲಿಲ್ಲ. ಗಾಜು ಕೆಂಪಾಗಿ ಒಂದು ಕಡೆಗೆ ಜೋಲತೊಡಗಿತು. ತಿರುಗಿಸುವ ವೇಗ ಹೆಚ್ಚಿಸಿದೆ. ಅಂಗೈ ಬೆವರಿಗೆ ಕೊಳವೆ ಜಾರುತ್ತಿತ್ತು.

"ಬೇಗ ಹೇಳಿ ಅತ್ತೆ. ಇದು ಕಾಯಲ್ಲ."

ಅತ್ತೆಯ ತುಟಿ ಅಲುಗಿತು. ಬರ್ನರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

"ಏನಂದ್ರಿ?"

"ಕಪ್ಪು ಹಾಕೇ ಅಂದೆ! ನಿನ್ನ ಕಿವೀನೂ ಗಾಜಿಂದಾ?"

ಕಪ್ಪು ಇಟ್ಟೆ. ತಿಳಿಗಾಜು ಹೊದಿಸಿ, ನರ ಎಳೆದು, ಉಂಡೆಯ ಬೆನ್ನನ್ನು ಉರಿಗೆ ಹಿಡಿದೆ. ಬೆನ್ನು ನಡುಗಿ ಮೆತ್ತಗಾದದ್ದು ಕಂಡಿತು. ಕೊಳವೆಯನ್ನು ತುಟಿಗಿಟ್ಟು ಒಂದು ಗುಟುಕು ಎಳೆದೆ. ಬೆನ್ನು ಒಳಗೆ ಜಾರಿತು, ಜಾರುತ್ತಲೇ ಹೋಯಿತು. ಪಾಪೆಗೆ ಇನ್ನೇನು ತಾಗುತ್ತದೆ ಎನ್ನುವಾಗ ಬಾಯಿ ತೆಗೆದೆ. ನಿಂತಿತು. ಅಂಚನ್ನು ಉರಿಯಲ್ಲಿ ನುಣುಪು ಮಾಡಿ, ಕೊಳವೆಯಿಂದ ಬಿಡಿಸಿ, ಬೆಚ್ಚಗಿನ ತಗಡಿನ ಡಬ್ಬಿಗೆ ಇಳಿಸಿದೆ. ಕಣ್ಣು ಆರುವವರೆಗೂ ಎಲ್ಲರೂ ಡಬ್ಬಿಗೇ ಕಿವಿಗೊಟ್ಟು ಕೂತೆವು. ಡಬ್ಬಿಯಿಂದ ಟಿಕ್ ಎಂಬ ಸದ್ದು ಬಂದರೆ ಗಾಜು ಸೀಳಿ ಎಲ್ಲ ಮುಗಿಯಿತು ಎಂದು ನಾಲ್ವರಿಗೂ ಗೊತ್ತಿತ್ತು. ಬರಲಿಲ್ಲ.

ಮೇಷ್ಟ್ರು ಅಂಚಿನ ಸುತ್ತ ಬೆರಳಾಡಿಸಿ, "ಕೂರಿಸು," ಎಂದು ನನ್ನ ಕೈಗೇ ಕೊಟ್ಟರು.

ಅತ್ತೆ ಪಟ್ಟಿ ಬಿಚ್ಚಿದರು. ಆ ಖಾಲಿ ಗುಳಿಯನ್ನು ನಾನು ನೋಡಿದ್ದು ಅದೇ ಮೊದಲು. ಮೇಲಿನ ರೆಪ್ಪೆ ಎತ್ತಿ ಕಣ್ಣನ್ನು ಒಳಗೆ ಜಾರಿಸಿದೆ, ಕೆಳಗಿನದನ್ನು ಎಳೆದು ಬಿಟ್ಟೆ. ಅತ್ತೆ ನನ್ನ ಮಣಿಕಟ್ಟನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಕನ್ನಡಿ ಕೊಟ್ಟರೆ ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಮಡಿಲಲ್ಲಿ ಕವುಚಿ ಇಟ್ಟರು.

"ಹೊಂದುತ್ತಾ, ಹೇಳೇ?"

ಎಡಗಣ್ಣಿನಲ್ಲಿ ಕಪ್ಪು ಪಾಪೆ ಹೊಳೆಯುತ್ತಿತ್ತು. ಬಲಗಣ್ಣಿನದು ಬೂದಿ. ಗೊತ್ತಿಲ್ಲದವರು ನೋಡಿದರೆ ಬಲಗಣ್ಣನ್ನೇ ಗಾಜಿನದು ಎನ್ನುತ್ತಿದ್ದರು.

"ಇಲ್ಲ ಅತ್ತೆ," ಎಂದೆ. "ಇನ್ನೂ ಇಲ್ಲ."

ಅವರು ಕಿಟಕಿಯ ಬೆಳಕಿನ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಮೂಗು ಒರೆಸಿಕೊಂಡರು.

"ಡಾಕ್ಟ್ರು ಕಣ್ಣು ಮುಟ್ಟೋವಾಗ ನೀನು ಒಳಗೇ ನಿಂತಿರ್ಬೇಕು. ಬಿಡಲ್ಲ ಅಂದ್ರೆ ಜಗಳ ಆಡು. ಅದು ನಿಂಗೆ ಚೆನ್ನಾಗಿ ಬರುತ್ತೆ," ಎಂದು ಎದ್ದು, ನಾನು ಎಲ್ಲಿದ್ದೇನೆಂದು ತಡಕುತ್ತ ಕೈ ಚಾಚಿದರು. ಹಿಡಿದುಕೊಂಡೆ.