ಮೊದಲು ಬಂದ ಸದ್ದು

ವಾಕಿಟಾಕಿ ಗೊರ್ ಎಂದು ಕೆಮ್ಮಿ ಸತ್ತಿತು. ಸಿಡುಕ ಅದನ್ನು ತೊಡೆಗೆ ಬಡಿದು ನೋಡಿದ. ಉಹೂಂ. ಎಣ್ಣೆ ಟ್ಯಾಂಕಿನೊಳಗೆ, ಎರಡು ಉಕ್ಕಿನ ಅಡ್ಡಗೋಡೆಗಳ ಆಚೆ, ಅವನ ಅಣ್ಣ ಒಬ್ಬನೇ ತಳದ ಕೆಸರು ಬಾಚುತ್ತಿದ್ದ.

"ಮೇಸ್ತ್ರೀ, ಇದು ಸತ್ತೋಯ್ತು. ಗಾಳಿ ಬ್ಲೋವರ್ ಎಲ್ರೀ?"

"ಪಕ್ಕದ ಟ್ಯಾಂಕಿಗೆ ಕಳಿಸ್ದೆ. ಮಾತಾಡೋಕೆ ಹೊಸ ಮಿಷಿನ್ ಕೊಟ್ಟಿದೀನಲ್ಲ, ಇನ್ನೇನು ನಿಂದು?"

"ಮಿಷಿನ್ ಮೂಸ್ಕೊಂಡು ಬದುಕ್ತಾನಾ ನಮ್ಮಣ್ಣ?"

ಹೀಗೆ ಕೂಗಾಡುವಾಗಲೇ ಒಳಗಿಂದ ಸದ್ದು ಶುರುವಾಗಿತ್ತು. ಸಿಡುಕ ಕಿವಿಗೊಡುವಷ್ಟರಲ್ಲಿ ಅದು ಯಾವುದರಿಂದ ಶುರುವಾಯಿತೋ ತಪ್ಪಿಹೋಗಿತ್ತು. ಟಕ್, ಗರ್ರ್, ಟಕ್, ಗರ್ರ್, ಟಕ್, ಗರ್ರ್.

ಹಡಗಿನಲ್ಲಿ ವೈರ್‌ಲೆಸ್ ಕೆಲಸಕ್ಕಿದ್ದ ಸೋದರಮಾವ ಕಲಿಸಿದ, ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಅದು. ಕಬ್ಬಿಣ ಕುಟ್ಟಿದರೆ ಉದ್ದದ ಸದ್ದು ಬರುವುದಿಲ್ಲ. ಅದಕ್ಕೇ ಮಾವ ಚುಕ್ಕಿಗೆ ಕುಟ್ಟು, ಗೆರೆಗೆ ಗೀರು ಎಂದು ಮಾಡಿಕೊಟ್ಟಿದ್ದ. ಕುಟ್ಟಿ ಗೀರಿದರೆ 'ಬಾ'. ಗೀರಿ ಕುಟ್ಟಿದರೆ 'ಬರಬೇಡ, ಗಾಳಿ ಕೆಟ್ಟಿದೆ'. ಅಂಗೈಯಲ್ಲಿ ಫೋನಿರೋ ಕಾಲದಲ್ಲಿ ನೀವಿನ್ನೂ ಮರಕುಟಿಗನ ಸಂಸಾರ ಕಣ್ರೋ ಎಂದು ಮೇಸ್ತ್ರಿ ನಗುತ್ತಿದ್ದ.

ಆದರೆ ಅಣ್ಣ ಬಿಡುವೇ ಕೊಡದೆ ಕುಟ್ಟುತ್ತಿದ್ದ. ಮಾತಲ್ಲೂ ಅಷ್ಟೇ, ಊಟದಲ್ಲೂ ಅಷ್ಟೇ, ನಡುವೆ ಉಸಿರಿಲ್ಲ. "ಲೋ, ಖಾಲಿ ಬಿಡೋದೂ ಅಕ್ಷರ ಕಣೋ," ಎಂದು ಮಾವ ಎಷ್ಟು ಬೈದಿದ್ದ! ಈಗ ಇದು ಬಾ ಎಂದೋ, ಬರಬೇಡ ಎಂದೋ?

"ಮರದ ಹಾಗೆ ನಿಂತಿದೀಯಲ್ಲೋ, ಇಳಿ! ಒಡಹುಟ್ಟಿದೋನು!" ಮೇಸ್ತ್ರಿ ಫೋನು ಕಿವಿಗಿಟ್ಟುಕೊಂಡೇ ಅರಚಿದ. "ಫೈರ್‌ನೋರು ಬರ್ತಾರಂತೆ!"

ಸಿಡುಕನ ಒಂದು ಕಾಲು ಆಗಲೇ ಟ್ಯಾಂಕಿನ ಕಿಂಡಿಯೊಳಗಿತ್ತು. ಅಣ್ಣನ ಕಾಲು ಸಿಕ್ಕಿಕೊಂಡಿದ್ದರೆ ಇಳಿಯಲೇಬೇಕು. ಗಾಳಿಯೇ ಕೆಟ್ಟಿದ್ದರೆ ಎರಡು ಹೆಣ. ಬ್ಲೋವರ್ ಎಳೆಯಲು ಇಬ್ಬರು ಬೇಕು, ತಾನು ಇಳಿದರೆ ಹೊರಗೆ ಉಳಿಯುವವನು ಈ ಮೇಸ್ತ್ರಿ ಒಬ್ಬನೇ.

ಸ್ಪ್ಯಾನರ್ ಎತ್ತಿ ಗೋಡೆಗೆ ದಬದಬ ಬಾರಿಸಿದ. ನಿಲ್ಲಿಸು, ಮೊದಲಿಂದ ಹೇಳು.

ಒಳಗೆ ಸದ್ದು ನಿಂತಿತು.

ನಿಂತೇ ಹೋಯಿತು. ಕೇಳಿದ್ದೇ ತಪ್ಪಾಯಿತೇ? ಕೈಲಿದ್ದ ಕೊನೇ ಶಕ್ತಿಯನ್ನು ಅಣ್ಣ ಆಗಲೇ ಖರ್ಚು ಮಾಡಿಬಿಟ್ಟಿದ್ದನೇ? ಸಿಡುಕ ಕಿವಿಯನ್ನು ಗೋಡೆಗೆ ಒತ್ತಿದ.

ಗರ್ರ್... ಟಕ್.

ಗೀರು ಮೊದಲು!

ಕಾಲು ಕಿತ್ತುಕೊಂಡು ಓಡಿದ. "ಫೋನ್ ಬಿಸಾಕಿ ಎಳಿಯಯ್ಯಾ!" ಇಷ್ಟು ದಿನ ರೀ ರೀ ಎಂದ ಬಾಯಿ ಅದು. ಮೇಸ್ತ್ರಿ ತೆಪ್ಪಗೆ ಎಳೆದ. ಪಕ್ಕದ ಟ್ಯಾಂಕಿನಿಂದ ಬ್ಲೋವರ್ ಬಂತು, ಕೊಳವೆ ಕಿಂಡಿಯೊಳಗೆ ಹೋಯಿತು, ಮೋಟಾರು ಹೂಂಕರಿಸಿತು.

ಆ ಹೂಂಕಾರದಲ್ಲಿ ಇನ್ನೇನೂ ಕೇಳದು. ಗಾಳಿಯೇನೋ ಒಳಗೆ ಹೋಗುತ್ತಿದೆ, ಅದನ್ನು ಎಳೆದುಕೊಳ್ಳುವವನು ಇದ್ದಾನೋ ಇಲ್ಲವೋ. ಸಿಡುಕ ಟ್ಯಾಂಕಿನ ಹಿಂಬದಿಗೆ ಓಡಿ, ಉಕ್ಕಿಗೆ ಹಣೆ ಒತ್ತಿ ನಿಂತ. ಮೋಟಾರಿನ ನಡುಕ ಹಲ್ಲಿಗೆ ತಾಗುತ್ತಿತ್ತು, ಅಷ್ಟೇ. ನಿಂತ. ಬೆವರು ಕಣ್ಣಿಗಿಳಿಯಿತು. ಒರೆಸಲಿಲ್ಲ.

ಹಣೆಗೆ ಏನೋ ಬಡಿಯಿತು. ಹಿಂದೆಯೇ ಒಂದು ಕೆರೆತ. ಆಮೇಲೆ ಉದ್ದಕ್ಕೆ ಖಾಲಿ, ಹುಟ್ಟಿದಾಗಿಂದ ಅಣ್ಣ ಬಿಟ್ಟಿರದಷ್ಟು ಖಾಲಿ. ಮತ್ತೆ ಕುಟ್ಟು, ಗೀರು.

ಸಿಡುಕ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಮೇಸ್ತ್ರಿಯ ಕೈಗೆ ತುರುಕಿದ.

"ಏನಂತಾನೋ?"

"ಬಾ ಅಂತಾನೆ."