ಹುಲ್ಲು ನೆನೆಸಿದ ನೀರು

ನಮ್ಮ ಕುದುರೆಯ ಹೆಸರು ದೊರೆ. ಭಾರ ಎಳೆಯುವ ಜಾತಿಯವನು. ಊಟದ ತಟ್ಟೆಯಷ್ಟು ಅಗಲದ ಗೊರಸು, ಅದರ ಮೇಲೆ ಇಳಿಬಿದ್ದ ಬಿಳಿ ಕೂದಲು, ಬಾಗಿಲು ತುಂಬುವ ಎದೆ. ಬೀದಿಯಲ್ಲಿ ಕಂಡವರೆಲ್ಲ ‘ಆಹಾ, ಏನು ಮೈಕಟ್ಟು!’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಮೈಕಟ್ಟಲ್ಲ, ಕೊಬ್ಬು. ಕತ್ತಿನ ಮೇಲೆ ದಿಂಡಾಗಿ ಕೂತಿರುವುದು ಕೊಬ್ಬು, ಬಾಲದ ಬುಡದಲ್ಲಿ ಅಲುಗಾಡುವುದು ಕೊಬ್ಬು, ಪಕ್ಕೆಲುಬು ಹುಡುಕಲು ಹೋದರೆ ಕೈಗೆ ಸಿಗುವುದೂ ಅದೇ. ಒಂದು ಪ್ರಾಣಿಯನ್ನು ಹೊಗಳಿ ಹೊಗಳಿಯೇ ಸಾಯಿಸುವ ಜನ ಇವರು.

ಅವನನ್ನು ಮರಿಯಿದ್ದಾಗಿನಿಂದ ಸಾಕಿದ್ದು ಅಪ್ಪ. ಮರದ ಡಿಪೋದಿಂದ ಹಲಗೆ, ತೊಲೆ ಹೇರಿಕೊಂಡು ಲಾರಿ ನುಗ್ಗದ ಓಣಿಗಳಲ್ಲಿರುವ ಬಡಗಿಗಳಿಗೆ ಮುಟ್ಟಿಸುವುದು ನಮ್ಮ ಮನೆಯ ಕಸುಬು. ಅಪ್ಪ ಹೋದ ಮೇಲೆ ಅಣ್ಣ ಕೆಲಸ ಗೊತ್ತುಮಾಡಿಕೊಂಡು ಬರುತ್ತಾನೆ, ಗಾಡಿ ಹೊಡೆಯುವವಳು ನಾನು. ಕಳೆದ ಚಳಿಗಾಲದಲ್ಲಿ ಡಿಪೋದವರು ಒಂದು ಪುಟ್ಟ ಟೆಂಪೊ ಕೊಂಡರು. ದೊರೆಯ ಕೆಲಸ ಅರ್ಧಕ್ಕೆ ಇಳಿಯಿತು. ಮೇವು ಮಾತ್ರ ಒಂದು ಹಿಡಿಯೂ ಇಳಿಯಲಿಲ್ಲ.

“ಅಷ್ಟು ದೊಡ್ಡ ದೇಹಕ್ಕೆ ಬೇಡ್ವೇನೇ?” ಎಂದು ಅಮ್ಮ.

“ಸುಮ್ನೆ ನಿಂತಿರ್ತಾನೆ ಪಾಪ, ಬೇಜಾರು ಅವನಿಗೆ” ಎಂದು ಅಣ್ಣ.

ಬೇಜಾರಂತೆ! ಬೇಜಾರಿಗೆ ಕಾಳು ಹಾಕುತ್ತಾರೆ, ಖುಷಿಗೆ ಬೆಲ್ಲ ತಿನ್ನಿಸುತ್ತಾರೆ, ಬಿಸಿಲು ಹೆಚ್ಚಾಯಿತು ಎಂದು ಕ್ಯಾರೆಟ್. ನಮ್ಮ ಮನೆಯಲ್ಲಿ ಪ್ರೀತಿಗೆ ಇರುವುದು ಒಂದೇ ದಾರಿ, ಅದು ಗಂಟಲಿನ ಮೂಲಕ ಹೋಗುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ದೊರೆ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತುಬಿಟ್ಟ. ಒಂದು ಹೆಜ್ಜೆ ಇಡಲೊಲ್ಲ. ಗೊರಸು ಮುಟ್ಟಿದರೆ ಕಾದ ಹೆಂಚಿನಷ್ಟು ಬಿಸಿ. ಡಾಕ್ಟರಮ್ಮ ಬಂದರು. ಕತ್ತು ಹಿಸುಕಿದರು, ಪಕ್ಕೆ ಒತ್ತಿದರು, ಗೊರಸಿನ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಅವರ ಮುಖ ಗಂಟುಹಾಕಿಕೊಂಡಿತು.

“ನೋವು ಕಾಲಲ್ಲಿ, ತಪ್ಪು ಹೊಟ್ಟೇಲಿ” ಎಂದರು. “ಮೈ ಹೀಗೆ ಬೆಳೆದಿರುವಾಗ ಸಕ್ಕರೆ ಅಂಶ ಜಾಸ್ತಿ ಒಳಗೆ ಹೋದ್ರೆ ಗೊರಸಿನ ಒಳಗೆ ಊತ ಬರುತ್ತೆ. ಮೂಳೆ ಗೊರಸಿನ ಹಿಡಿತ ಬಿಟ್ಟು ಜಾರುತ್ತೆ. ಇವನ ತೂಕಕ್ಕೆ ಆ ಮೂಳೆ ಜಾರಿದ್ರೆ ಮುಗೀತು. ಈ ಸಲ ವಾಸಿ ಮಾಡ್ತೀನಿ. ಮೈ ಇಳಿಸದೆ ಮತ್ತೆ ಕರೆದ್ರೆ ಬೇರೇನೇ ಸೂಜಿ ತರ್ಬೇಕಾಗುತ್ತೆ.”

ಮತ್ತೆ ಏಳದಂತೆ ಮಲಗಿಸುವ ಸೂಜಿ ಅದು.

ಕಾಳು ಬಂದ್. ಬೆಲ್ಲ, ಬ್ರೆಡ್ಡು, ಹಣ್ಣು ಎಲ್ಲ ಬಂದ್. ಒಣಹುಲ್ಲನ್ನು ತೂಗಿ, ತೊಟ್ಟಿಯಲ್ಲಿ ನೆನೆಸಿ, ನೀರು ಬಸಿದು ಹಾಕಬೇಕು. ಕಾಲು ವಾಸಿಯಾದ ಮೇಲೆ ದಿನಾ ನಡೆಸಬೇಕು. ಡಾಕ್ಟರಮ್ಮ ಇದನ್ನೆಲ್ಲ ಲಾಯದಲ್ಲಿ ನನಗೆ ಹೇಳಿದರು, ನಾನು ಅಡುಗೆಮನೆಗೆ ಬಂದು ಅಮ್ಮನಿಗೂ ಅಣ್ಣನಿಗೂ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಕೂಗಿದೆ ಎನ್ನಬೇಕು. ಇಬ್ಬರೂ ತಲೆಯಾಡಿಸಿದರು. ಅಮ್ಮನಂತೂ ತೊಟ್ಟಿಯನ್ನು ತಾನೇ ತಿಕ್ಕಿ ತೊಳೆದುಕೊಟ್ಟಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆಗಲೇ ಅನುಮಾನ ಬರಬೇಕಿತ್ತು.

ಗಾಡಿಗೆ ಹೂಡುವಾಗ ಕಟ್ಟುವ ಹೊಟ್ಟೆಪಟ್ಟಿಯೇ ನನ್ನ ಅಳತೆ. ಅಪ್ಪನ ಕಾಲದಲ್ಲಿ ಅದು ನಡುವಿನ ತೂತಿಗೆ ನಿಲ್ಲುತ್ತಿತ್ತು. ಈಗ ಕಡೆಯ ತೂತಿಗೆ ಎಳೆದು ತರಬೇಕಾದರೆ ನನಗೆ ಬೆವರಿಳಿಯುತ್ತಿತ್ತು. ಕಾಲು ನೆಟ್ಟಗಾಯಿತು, ನಡೆಸಲು ಶುರುಮಾಡಿದೆ, ಹುಲ್ಲು ನೆನೆಸಿದೆ, ತೂಗಿದೆ. ಪಟ್ಟಿ ಕಡೆಯ ತೂತು ಬಿಟ್ಟು ಜಪ್ಪಯ್ಯ ಎನ್ನಲಿಲ್ಲ.

ಇನ್ನು ದೊರೆಯ ಬಕೆಟ್ಟಿನ ವಿಷಯ. ಅಪ್ಪ ಅವನಿಗೆ ಒಂದು ಆಟ ಕಲಿಸಿದ್ದ. ಹಸಿವಾದರೆ ಖಾಲಿ ಬಕೆಟ್ಟಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಎತ್ತಿ ಗೋಡೆಗೆ ಬಡಿಯಬೇಕು. ಢಣ್, ಢಣ್. ಊರಿಗೆಲ್ಲ ಅದು ತಮಾಷೆ. ಬಡಿದರೆ ಅಣ್ಣ ಓಡುತ್ತಾನೆ, ಅಮ್ಮ ಓಡುತ್ತಾಳೆ, ಎದುರುಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಸೇಬು ಹಿಡಿದು ಬರುತ್ತಾನೆ. ಹೊಟ್ಟೆ ತುಂಬಿದ್ದರೂ ಬಡಿಯುತ್ತಾನೆ ದೊರೆ. ಬಡಿದರೆ ಬರುತ್ತದೆ ಎಂದು ಗೊತ್ತಿದ್ದ ಮೇಲೆ ಯಾರು ತಾನೇ ಸುಮ್ಮನಿರುತ್ತಾರೆ?

ಮೊದಲು ಸಿಕ್ಕಿಬಿದ್ದವನು ಅಣ್ಣ. ಅವನ ಕೋಟಿನ ಜೇಬು ಕೊಡವಿದರೆ ಬ್ರೆಡ್ಡಿನ ಪುಡಿ.

“ಇದು ನಾನು ತಿಂದಿದ್ದು ಕಣೇ.”

“ಜೇಬಿಂದ ಬಾಯಿ ಹಾಕಿ ತಿಂದ್ಯಾ?”

“ಒಂದು ತುಂಡಿಗೆ ಏನಾಗುತ್ತೆ?”

“ಒಂದು ತುಂಡು ನಿಂದು, ಒಂದು ಸೇಬು ದರ್ಜಿದು, ಒಂದು ಮುಷ್ಟಿ ಇನ್ಯಾರದ್ದೋ. ಎಲ್ಲರೂ ಒಂದೊಂದೇ ಕೊಡೋದು. ತಿನ್ನೋನೊಬ್ಬನೇ!”

ಅವತ್ತೇ ದರ್ಜಿಯ ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ ಬಾಯಿಗೆ ಬಂದದ್ದು ಬೈದೆ. ಮಾರನೆಯ ದಿನ ದೊರೆಯ ಬಾಯಿಗೆ ಕುಕ್ಕೆ ಹಾಕಿದೆ. ಹುಲ್ಲು ತಿನ್ನುವಾಗ, ನೀರು ಕುಡಿಯುವಾಗ ಮಾತ್ರ ಅದನ್ನು ಬಿಚ್ಚಬೇಕು ಎಂದು ಮನೆಯಲ್ಲಿ ಕಟ್ಟಪ್ಪಣೆ. ಬೀದಿಯವರು ನನಗೆ ಕುಕ್ಕೆರಾಣಿ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ. “ಕುಕ್ಕೆ ಹಾಕ್ಬೇಕಾದ್ದು ಕುದುರೆಗಲ್ಲ, ನಿನ್ನ ಬಾಯಿಗೆ” ಎಂದ ಅಣ್ಣ. ಅವನೊಂದಿಗೆ ನಾಲ್ಕು ದಿನ ಮಾತು ಬಿಟ್ಟೆ.

ಅಣ್ಣ ತಿನ್ನಿಸುವುದನ್ನು ನಿಲ್ಲಿಸಿದ, ದರ್ಜಿ ನನ್ನ ಹೆದರಿಕೆಗೆ ಆಚೆ ಕಡೆಯ ಕಿಟಕಿಗೆ ಯಂತ್ರ ತಿರುಗಿಸಿಕೊಂಡ. ಆದರೂ ಹೊಟ್ಟೆಪಟ್ಟಿ ಹಾಗೇ. ನನ್ನ ತಲೆ ಚಿಟ್ಟುಹಿಡಿದುಹೋಯಿತು. ಗಾಳಿ ಕುಡಿದು ಕೊಬ್ಬುತ್ತಿದ್ದಾನೆಯೇ ಇವನು?

ಒಂದು ಮಧ್ಯಾಹ್ನ ಹೊತ್ತಿಗೆ ಮುಂಚೆ ಮನೆಗೆ ಬಂದೆ. ದೊರೆಗೆ ಅಂದು ರಜಾ, ಡಿಪೋದ ಟೆಂಪೊವನ್ನೇ ನಾನು ಓಡಿಸಿದ್ದೆ. ಹಿತ್ತಲಲ್ಲಿ ಅಮ್ಮ ತೊಟ್ಟಿಯ ಹತ್ತಿರ ಬಗ್ಗಿದ್ದಳು. ಹುಲ್ಲು ನೆನೆಸಿದ ನೀರನ್ನು ಚೊಂಬಿನಿಂದ ಮೊಗೆದು, ಅಡುಗೆಮನೆಯ ಬಟ್ಟೆಯಲ್ಲಿ ಶೋಧಿಸಿ ಬಕೆಟ್ಟಿಗೆ ತುಂಬುತ್ತಿದ್ದಳು. ಚಹಾದಂತೆ ಕಂದು ಬಣ್ಣದ ನೀರು. ಪಕ್ಕದಲ್ಲಿ ದೊರೆ ಕುಕ್ಕೆ ಬಿಚ್ಚಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಇನ್ನೊಂದು ಬಕೆಟ್ಟನ್ನು ಸೊರಸೊರ ಹೀರುತ್ತಿದ್ದ.

“ಕುಡಿ ಮಗನೇ, ಕುಡಿ” ಎನ್ನುತ್ತಿದ್ದಳು ಅಮ್ಮ.

ನಾನು ಬಕೆಟ್ಟನ್ನು ಒದ್ದೆ. ನೀರು ಅವಳ ಕಾಲಮೇಲೆಲ್ಲ ಚೆಲ್ಲಿತು.

“ಏನಮ್ಮ ಇದು!”

“ಯಾಕೇ ಹೀಗಾಡ್ತೀಯ? ನೀರು ತಾನೇ? ನೀರು ಕುಡಿಸ್ಬಾರ್ದು ಅಂತ ಡಾಕ್ಟರಮ್ಮ ಹೇಳಿದ್ರಾ?” ಅಮ್ಮನಿಗೂ ಸಿಟ್ಟು ಬಂತು. “ಹುಲ್ಲಿನ ಸತ್ವ ಎಲ್ಲ ನೀರಿಗೆ ಇಳಿದಿರುತ್ತೆ. ನೀನಿದ್ದಾಗೆಲ್ಲ ಅದನ್ನ ಚರಂಡಿಗೆ ಸುರೀತೀಯ. ತರಕಾರಿ ಬೇಯಿಸಿದ ನೀರು ನಾನು ಯಾವತ್ತಾದ್ರೂ ಚೆಲ್ಲಿದ್ದು ನೋಡಿದ್ದೀಯಾ?”

“ಆ ಸತ್ವ ತೆಗೀಲಿ ಅಂತಾನೇ ಅಮ್ಮಾ ನೆನೆಸೋದು! ಸಕ್ಕರೆ ನೀರಿಗೆ ಇಳೀಲಿ ಅಂತ! ಅದನ್ನೇ ಶೋಧಿಸಿ ಕುಡಿಸ್ತಿದ್ದೀಯಲ್ಲ!”

“ಕಾಳು ನೆನೆಸಲ್ವಾ, ಹಾಗೆ ಮೆತ್ತಗಾಗ್ಲಿ ಅಂತ ಅಂದ್ಕೊಂಡೆ.”

“ಹಾಗಾದ್ರೆ ನಾನು ಮನೇಲಿ ಇಲ್ಲದಾಗಲೇ ಯಾಕೆ ಕೊಟ್ಟೆ?”

ಅಮ್ಮ ಬಗ್ಗಿ, ಮಗುಚಿದ ಬಕೆಟ್ಟನ್ನು ನೆಟ್ಟಗೆ ನಿಲ್ಲಿಸಿದಳು. ನನ್ನ ಪಿತ್ತ ನೆತ್ತಿಗೇರಿತು. ದಿನಾ ಬೆಳಿಗ್ಗೆ ಎದ್ದು ತಣ್ಣೀರಿನಲ್ಲಿ ಕೈ ಅದ್ದಿ ಹುಲ್ಲು ನೆನೆಸಿದ್ದೆ, ಬೀದಿಗೆಲ್ಲ ಕೆಟ್ಟವಳಾಗಿದ್ದೆ, ಒಡಹುಟ್ಟಿದವನ ಜೊತೆ ಜಗಳವಾಡಿದ್ದೆ. ಎಲ್ಲವನ್ನೂ ಇವಳು ಬಟ್ಟೆಯಲ್ಲಿ ಶೋಧಿಸಿ ಅವನ ಹೊಟ್ಟೆಗೇ ವಾಪಸು ಸುರಿದಿದ್ದಳು.

“ನೀನು ಅವನನ್ನ ಸಾಕ್ತಿಲ್ಲ, ಕೊಲ್ತಿದ್ದೀಯ” ಎಂದೆ.

ಅಮ್ಮ ಒದ್ದೆ ಬಟ್ಟೆಯನ್ನು ಹಿಂಡಿದಳು. ಮತ್ತೆ ಹಿಂಡಿದಳು. “ಕೊಡದೇನೂ ಒಬ್ಬರನ್ನ ಕೊಂದಿದ್ದೀನಲ್ಲ” ಎಂದು ಒಳಗೆ ಹೋದಳು.

ಅಪ್ಪನಿಗೆ ಹೃದಯದ ಕಾಯಿಲೆ. ಕಡೆಯ ವರ್ಷ ಉಪ್ಪು, ಎಣ್ಣೆ, ಸಿಹಿ ಯಾವುದೂ ಕೂಡದು ಎಂದಿದ್ದರು. ಅಮ್ಮ ಚಾಚೂತಪ್ಪದೆ ಪಾಲಿಸಿದಳು. ಅಪ್ಪ ಮಂಚದಿಂದ ಮಗುವಿನಂತೆ ಕೇಳುತ್ತಿದ್ದ, ಚಿಟಿಕೆ ಉಪ್ಪು ಕೊಡೇ, ಚಿಟಿಕೆ. ಅಮ್ಮ ಅಡುಗೆಮನೆ ಬಿಟ್ಟು ಆಚೆ ಬರುತ್ತಿರಲಿಲ್ಲ. ಒಳಗಿನಿಂದಲೇ “ನಾಳೆ ಕೊಡ್ತೀನಿ ಕಣ್ರೀ” ಎನ್ನುತ್ತಿದ್ದಳು. ದಿನವೂ ಅದೇ ನಾಳೆ. ಹಾಗೆ ಕೇಳುತ್ತಲೇ ಒಂದು ದಿನ ಅಪ್ಪ ಹೋದ.

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕರಗಲಿಲ್ಲ ನಾನು. ಬಾಗಿಲಲ್ಲಿ ನಿಂತು, “ಅಪ್ಪ ಸತ್ತಿದ್ದು ಹೃದಯ ನಿಂತು. ನೀನು ಉಪ್ಪು ಕೊಡಲಿಲ್ಲ ಅಂತ ಅಲ್ಲ. ನಿನ್ನ ಆ ಲೆಕ್ಕನ ಈ ಮೂಕಪ್ರಾಣಿ ಹತ್ರ ತೀರಿಸ್ಬೇಡ!” ಎಂದು ಕಿರುಚಿದೆ. ಅಮ್ಮ ನನಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಪಾತ್ರೆಗಳನ್ನೇ ತೊಳೆಯುತ್ತಿದ್ದಳು.

ಮಾರನೆಯ ಬೆಳಿಗ್ಗೆ ದೊರೆ ಮತ್ತೆ ಮುಂಗಾಲು ಚಾಚಿ ನಿಂತಿದ್ದ.

ಡಾಕ್ಟರಮ್ಮ ಬಂದು ಗೊರಸು ಮುಟ್ಟಿದರು. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗೊರಸಿನ ನಾಡಿ ನೋಡಿದರು. ನಾನು ಅವರ ಚೀಲವನ್ನೇ ನೋಡುತ್ತಿದ್ದೆ, ಅಣ್ಣ ಗೋಡೆ ನೋಡುತ್ತಿದ್ದ. ಹುಲ್ಲಿನ ನೀರಿನ ವಿಷಯವನ್ನು ಅಮ್ಮನೇ ಬಾಯಿಬಿಟ್ಟು ಹೇಳಿದಳು.

“ಶುರುವಲ್ಲೇ ಇದೆ, ಮೂಳೆ ಇನ್ನೂ ಜಾರಿಲ್ಲ” ಎಂದರು ಡಾಕ್ಟರಮ್ಮ. “ಇನ್ನೊಂದು ಸಲ ನೋಡೋಣ. ದಪ್ಪನೆ ಮರಳು ಹಾಸಿ, ಗೊರಸಿಗೆ ತಣ್ಣೀರು ಬಿಡಿ. ಅಳತೆ ಹುಲ್ಲು ಹೇಳಿದ ಹೊತ್ತಿಗೆ ಬೀಳ್ಲಿ. ಅದರ ಮೇಲೆ ಅವನು ಎಷ್ಟೇ ಬಡ್ಕೊಂಡ್ರೂ ಒಂದು ಎಳೆ ಕೂಡದು. ಕೊಡೋಕೆ ಮನಸ್ಸಾದ್ರೆ ನನಗೆ ಫೋನ್ ಮಾಡಿ ಅಮ್ಮಾ, ಬಂದು ಮುಗಿಸಿಬಿಡ್ತೀನಿ. ಅವನಿಗೆ ನರಳೋದಾದ್ರೂ ತಪ್ಪುತ್ತೆ.”

ಅವನು ಬಡಿಯುವ ಬಕೆಟ್ಟನ್ನು ಎಸೆಯಲು ಹೋದೆ. ಅಮ್ಮ ಅಡ್ಡ ಬಂದಳು. “ಅದೊಂದು ಇರ್ಲಿ. ಅವರು ಕಲಿಸಿದ್ದು.” ಅಪ್ಪನ ಮೇಲೆ ನನಗೆ ಅಂದಿನಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಕಲಿಸುವುದಕ್ಕೆ ಬೇರೇನೂ ಸಿಗಲಿಲ್ಲವೇ ನಿನಗೆ? ಕೇಳುವುದನ್ನು ಕಲಿಸಿ, ಇಲ್ಲ ಎನ್ನುವ ಕೆಲಸ ನಮಗೆ ಬಿಟ್ಟು ಹೋದೆಯಲ್ಲ.

ಆಮೇಲೆ ನಾನು ಲಾಯ ಬಿಟ್ಟು ಕದಲಲಿಲ್ಲ. ಅಣ್ಣ ಮರಳು ಹೊತ್ತ, ತಣ್ಣೀರು ಹೊತ್ತ. ನಾನೇ ಕಾವಲಿದ್ದರಿಂದ ಕುಕ್ಕೆ ಬಿಚ್ಚಿಟ್ಟಿದ್ದೆ, ದೊರೆ ಬಕೆಟ್ಟು ಬಡಿಯುತ್ತಿದ್ದ. ಪ್ರತಿ ಬಡಿತಕ್ಕೂ ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಗೊರಸು ನಿಧಾನಕ್ಕೆ ತಣ್ಣಗಾಯಿತು. ಡಾಕ್ಟರಮ್ಮ ಬಂದು ನೋಡಿ, “ಸದ್ಯಕ್ಕೆ ಉಳಿದ” ಎಂದರು. “ಇನ್ನು ಬದುಕಿರೋವರೆಗೂ ಇದೇ ಪಥ್ಯ.”

ಬದುಕಿರುವವರೆಗೂ ನಾನು ಲಾಯದಲ್ಲಿ ಕೂರಲಾಗುತ್ತದೆಯೇ? ಡಿಪೋದವರು ಹೇಳಿಕಳಿಸಿದರು. ಅಣ್ಣನೂ ಹೊರಟಿದ್ದ. ಮನೆಯಲ್ಲಿ ಉಳಿಯುವವಳು ಅಮ್ಮ ಒಬ್ಬಳೇ, ಅವಳ ಎದುರಿಗೆ ದೊರೆ, ದೊರೆಯ ಎದುರಿಗೆ ಆ ಹಾಳು ಬಕೆಟ್ಟು. ಹುಲ್ಲಿನ ಕೋಣೆಗೆ ಬೀಗ ಹಾಕಿದೆ. ಆಮೇಲೆ ನಗು ಬಂತು. ಇಡೀ ಅಡುಗೆಮನೆ ಅವಳ ಕೈಯಲ್ಲಿರುವಾಗ ಬೀಗ ಯಾವುದಕ್ಕೆ, ಅವಳೇ ಬಿಚ್ಚಬಲ್ಲ ಕುಕ್ಕೆ ಯಾವುದಕ್ಕೆ?

ಗೇಟಿನವರೆಗೆ ಹೋಗಿದ್ದೆ. ಢಣ್, ಢಣ್.

ಕಾಲು ಅಲ್ಲೇ ನಿಂತಿತು. ಅಡುಗೆಮನೆಯ ಬಾಗಿಲು ತೆರೆಯಿತು. ಅಮ್ಮ ಹೊರಗೆ ಬಂದಳು. ಅವಳ ಎರಡೂ ಕೈ ಬೆನ್ನ ಹಿಂದಿದ್ದವು. ನನ್ನ ಎದೆಯಲ್ಲಿ ಬೆಂಕಿ ಎದ್ದಿತು, ಹಿಡಿದೇಬಿಟ್ಟೆ ಇವಳನ್ನು ಎಂದು ವಾಪಸು ಧಾವಿಸಿದೆ. ನಾನು ಲಾಯದ ಬಾಗಿಲಿಗೆ ಬರುವಷ್ಟರಲ್ಲಿ ಅವಳು ದೊರೆಯ ಎದುರಿಗೆ ನಿಂತು ಕೈಗಳನ್ನು ಮುಂದೆ ಚಾಚಿದ್ದಳು. ಕೈ ಖಾಲಿ. ದೊರೆ ಬಕೆಟ್ಟು ಬಿಟ್ಟು ಕುಕ್ಕೆಯಿಲ್ಲದ ಮೂತಿಯಿಂದ ಒಂದು ಅಂಗೈ ಮೂಸಿದ, ಇನ್ನೊಂದು ಮೂಸಿದ, ಅವಳ ಮೊಣಕೈವರೆಗೂ ಹುಡುಕಿದ. ಮತ್ತೆ ಬಕೆಟ್ಟು ಕಚ್ಚಿ ಬಡಿದ. ಅಮ್ಮ ಕಿವಿ ಮುಚ್ಚಿಕೊಳ್ಳಲಿಲ್ಲ, ಒಳಗೂ ಹೋಗಲಿಲ್ಲ. ಅವನು ಬಡಿದು ಬಡಿದು ಸುಸ್ತಾಗುವವರೆಗೂ ನಿಂತೇ ಇದ್ದಳು. ಆಮೇಲೆ ಅವನ ಹಣೆಗೆ ತನ್ನ ಹಣೆ ತಾಗಿಸಿದಳು.

“ಇಲ್ಲ ಕಣ್ರೀ” ಎಂದಳು. “ಇವತ್ತೂ ಇಲ್ಲ, ನಾಳೆನೂ ಇಲ್ಲ. ನಾನು ಮಾತ್ರ ಇಲ್ಲೇ ಇರ್ತೀನಿ.”

ನಾನು ಅಲ್ಲಿಂದ ಹಿಂದೆ ಸರಿದು ತೊಟ್ಟಿಯ ಹತ್ತಿರ ಹೋದೆ. ಬೆಳಗಿನ ಹುಲ್ಲು ನೆನೆಸಿದ ನೀರು ಇನ್ನೂ ಅದರಲ್ಲೇ ಇತ್ತು, ಒಂದು ಚೊಂಬೂ ಕಡಿಮೆಯಾಗಿರಲಿಲ್ಲ. ಅಷ್ಟನ್ನೂ ಚರಂಡಿಗೆ ಸುರಿದು ಕೆಲಸಕ್ಕೆ ಹೋದೆ.