ಎರಡು ಬಾಲದ ಇಮೇಲ್

ಚಳಿಗಾಲ ಮುಗಿಯುತ್ತಾ ಬಂದಿತ್ತು. ಕುರಿ ಸಾಕುವವರ ಸಂಘದ ಕೊಟ್ಟಿಗೆಯಲ್ಲಿ ಬೆಳಗಿನಿಂದ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಮೂಟೆಗಳು ಸೂರು ಮುಟ್ಟಿದ್ದವು. ಪಡುವಣದಲ್ಲಿ ಮೋಡ ಕಟ್ಟಿತ್ತು, ಕೊಟ್ಟಿಗೆಯ ಸೂರೋ ಸೋರುವಂಥದ್ದು. ಸಂಜೆಯೊಳಗೆ ಮಾಲು ಲಾರಿ ಹತ್ತದಿದ್ದರೆ ವರ್ಷದ ಉಣ್ಣೆಯೆಲ್ಲ ನೆನೆದು ಹಾಳಾಗುತ್ತಿತ್ತು.

ಪಕ್ಕದ ಕೋಣೆಯಲ್ಲಿ ಸಂಘದ ಕಾರ್ಯದರ್ಶಿ ಕಂಪ್ಯೂಟರಿನ ಮುಂದೆ ಕೂತಿದ್ದ. ಉಣ್ಣೆ ವ್ಯಾಪಾರಿಯ ಹೆಸರಿನಲ್ಲಿ ಇಮೇಲ್ ಬಂದಿತ್ತು. ಕೆಳಗಿನ ಲಿಂಕ್ ಒತ್ತಿ, ಜೊತೆಗಿರುವ ಬಿಲ್ ತೆರೆಯಿರಿ, ಇಲ್ಲವಾದರೆ ಲಾರಿ ಬರುವುದಿಲ್ಲ ಎಂದು ಅದರಲ್ಲಿತ್ತು. ಅವನ ಬೆರಳು ಇನ್ನೇನು ಒತ್ತಬೇಕು, ದೊಡ್ಡಮ್ಮ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಸಂಘದ ಅಧ್ಯಕ್ಷೆ ಅವಳೇ.

"ಹೊಸ ಕುರಿ ಬಂದ್ರೆ ಸೀದಾ ಹಿಂಡಿಗೆ ಬಿಡ್ತೀಯೇನೋ?"

"ಇದು ಕುರಿ ಅಲ್ಲ ದೊಡ್ಡಮ್ಮ."

"ಹೊರಗಿಂದ ಬಂತೋ ಇಲ್ವೋ?"

ಹೊರಗಿನಿಂದ ಬಂದದ್ದನ್ನು ಹಿತ್ತಿಲ ದೊಡ್ಡಿಯಲ್ಲಿ ಒಂಟಿಯಾಗಿ ಕಟ್ಟಿ, ಮೈ ತಡವಿ, ಕೆಮ್ಮುತ್ತದೆಯೇ ಎಂದು ನಾಲ್ಕು ದಿನ ನೋಡಿ ಆಮೇಲೆ ಹಿಂಡಿಗೆ ಸೇರಿಸುವುದು ಅಲ್ಲಿನ ಪದ್ಧತಿ. ಉದ್ದನೆಯ ವೈರು ಎಳೆದು ಕಂಪ್ಯೂಟರನ್ನು ದೊಡ್ಡಿಗೆ ಸಾಗಿಸಿದರು. ದೊಡ್ಡಮ್ಮ ಅದರ ಮುಂದೆ ಒಂದು ಹಿಡಿ ಹುಲ್ಲನ್ನೂ ಹಾಕಿದಳು.

"ಉಣ್ಣೆ ಎತ್ತಿ ಒಳಗಿನ ಮುದ್ರೆ ನೋಡು."

ಅವನು ಮೌಸಿನ ಬಾಣದ ಗುರುತನ್ನು ಲಿಂಕಿನ ನೀಲಿ ಅಕ್ಷರಗಳ ಮೇಲೆ ಒತ್ತದೆ ಸುಮ್ಮನೆ ಇಟ್ಟ. ಪರದೆಯ ಮೂಲೆಯಲ್ಲಿ ಅದರ ನಿಜವಾದ ವಿಳಾಸ ಮೂಡಿತು. ಮೇಲೆ ಕಾಣುತ್ತಿದ್ದದ್ದು ವ್ಯಾಪಾರಿಯ ಅಂಗಡಿಯ ಹೆಸರು, ಅಡಿಯಲ್ಲಿದ್ದದ್ದು ತಲೆಬುಡವಿಲ್ಲದ ಇನ್ಯಾವುದೋ.

"ಮೇಲೊಂದು ಮುದ್ರೆ, ಒಳಗೊಂದು ಮುದ್ರೆ. ಕದ್ದ ಮಾಲು. ಬಾಲ ನೋಡು."

ಬಿಲ್ಲಿನ ಹೆಸರು ಉದ್ದವಾಗಿತ್ತು. ಎಳೆದು ನೋಡಿದರೆ ತುದಿಯಲ್ಲಿ 'ಪಿಡಿಎಫ್' ಎಂಬುದರ ಹಿಂದೆ 'ಇಎಕ್ಸ್ಇ' ಎಂದು ಇನ್ನೊಂದು ಅಡಗಿತ್ತು.

"ಎರಡು ಬಾಲ ದೊಡ್ಡಮ್ಮ. ಇದು ಬಿಲ್ಲೇ ಅಲ್ಲ, ತೆರೆದ್ರೆ ಒಳಗೆ ನುಗ್ಗೋ ಪ್ರೋಗ್ರಾಮು. ಅಳಿಸಿಬಿಡ್ತೀನಿ."

"ನಾಕು ದಿನ ಇರ್ಲಿ. ಕೆಮ್ಮತ್ತೇನೋ ನೋಡೋಣ."

ಅಷ್ಟರಲ್ಲಿ ಲಾರಿಯೇ ಬಂತು. ವ್ಯಾಪಾರಿ ಇಳಿದು, ತಾನು ಯಾವ ಇಮೇಲನ್ನೂ ಕಳಿಸಿಲ್ಲವೆಂದ.

"ಅದೂ ನಿಮ್ಮ ಹೆಸರೇ ಹೇಳ್ಕೊಂಡು ಬಂದಿತ್ತು," ಎಂದಳು ದೊಡ್ಡಮ್ಮ. "ನಡೀರಿ ದೊಡ್ಡಿಗೆ."

ಅವಳ ಕೈಯಲ್ಲಿ ಇನ್ನೂ ಕತ್ತರಿಯಿತ್ತು. ವ್ಯಾಪಾರಿ ಹೋಗಿ ಕಂಪ್ಯೂಟರಿನ ಪಕ್ಕ ಕೂತ. ಕೂತವನು ಕೆಮ್ಮಿದ.

"ನಾಕು ದಿನ ಇಲ್ಲೇ."

"ಅಮ್ಮಾ, ಇದು ಉಣ್ಣೆ ಧೂಳಿಗೆ ಬಂದ ಕೆಮ್ಮು."

"ಕುರಿ ಮಾರೋರೆಲ್ಲ ಹಂಗೇ ಅನ್ನೋದು."

ಮೊದಲ ಹನಿ ಕೊಟ್ಟಿಗೆಯ ತಗಡಿನ ಮೇಲೆ ಬಿತ್ತು. ಲಾರಿ ಡ್ರೈವರ್ ತಾನು ಹೊರಟೆನೆಂದು ಹಾರ್ನ್ ಹೊಡೆದ. ಕಾರ್ಯದರ್ಶಿಗೆ ಅಳು ಬರುವುದೊಂದು ಬಾಕಿ.

"ಅವ್ರಿಗೆ ಮಾತ್ರ ಗೊತ್ತಿರೋದೇನಾದ್ರೂ ಕೇಳಿ ನೋಡು ದೊಡ್ಡಮ್ಮ."

ಅವಳು ನಿಧಾನವಾಗಿ ಯೋಚಿಸಿದಳು.

"ಹೋದ ವರ್ಷ ನಮ್ಮನೆಯಿಂದ ಏನು ಹೊತ್ಕೊಂಡು ಹೋದ್ರಿ?"

ವ್ಯಾಪಾರಿ ನೆಲ ನೋಡಿದ. ಮೂಟೆಗಳತ್ತ ನೋಡಿದ.

"ಕಂಬಳಿ. ರಾತ್ರಿ ಚಳಿ ಅಂತ. ಮಾರನೇ ದಿನ ಕಳಿಸ್ತೀನಿ ಅಂದಿದ್ದೆ."

"ಎಲ್ಲಿದೆ?"

"ಲಾರಿ ಸೀಟಿನ ಮೇಲೆ."

"ಅದು ಇವರದಾ?" ಎನ್ನುತ್ತಾ ಡ್ರೈವರ್ ತಾನು ಕೂತಿದ್ದ ಕಂಬಳಿಯಿಂದ ಎದ್ದು, ಇಳಿದು ಬಂದು ಅದನ್ನು ಬೇಲಿಯಾಚೆಯಿಂದ ಚಾಚಿದ. ದೊಡ್ಡಮ್ಮ ಅಂಚಿನಲ್ಲಿ ತಾನೇ ಹಾಕಿದ್ದ ಗಂಟುಗಳನ್ನು ಮುಟ್ಟಿ ನೋಡಿದಳು, ಎಣ್ಣೆಯ ಕಲೆಗಳನ್ನೂ.

"ಇವ್ರೇ. ಬೇರೆಯವನಾಗಿದ್ರೆ ಒಪ್ಕೊಳ್ತಿರ್ಲಿಲ್ಲ. ಲಾರಿ ತುಂಬ್ರೋ."

ಮಳೆ ಬಲಿಯುವ ಮುನ್ನ ಕೊನೆಯ ಮೂಟೆಯೂ ಹತ್ತಿತು, ಮೇಲೆ ಟಾರ್ಪಾಲು ಬಿತ್ತು. ದೊಡ್ಡಮ್ಮ ದೊಡ್ಡಿಗೆ ಹೋಗಿ ಕಂಬಳಿಯನ್ನು ಕಂಪ್ಯೂಟರಿಗೆ ಹೊದಿಸಿದಳು.

"ಅವ್ರ ಸಾಲ ತೀರಿತು," ಎಂದಳು. "ಒಳಗಿರೋದು ಕಳ್ಳಾನೇ ಆದ್ರೂ, ನಮ್ಮ ದೊಡ್ಡೀಲಿದ್ದಷ್ಟು ದಿನ ನೆನೀಬಾರ್ದು."